ಬೆಲ್ಟ್ ಕಟ್ಟಿಕೊಂಡವರಿಗೆ ಒಂದು ಥ್ಯಾಂಕ್ಸ್

ಕಳೆದ ತಿಂಗಳ ಕೊನೆಗೆ ನಿವೃತ್ತಳಾದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲಾ ಆಯಿತು. ಮೈಮೇಲೆ ಕಟ್ಟಿಕೊಳ್ಳುವ ಇಸಿಜಿ ಬೆಲ್ಟ್ ಮಾಡಿದವರು ಅಂತ ಎಲ್ಲರೂ ಹೊಗಳಿದರು. ನನ್ನ ಸರದಿ ಬಂದಾಗ ಗಂಟಲು ಕಟ್ಟಿತು. ಎರಡು ಮಾತಾಡಿ ಕೂತುಬಿಟ್ಟೆ. ಅವತ್ತು ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕುವುದಿಲ್ಲ. ಓದಿದರೆ ನಿಮಗೇ ಗೊತ್ತಾಗುತ್ತದೆ.

ಹೊರಗಿನವರಿಗಾಗಿ ಒಂದಿಷ್ಟು ಹಿನ್ನೆಲೆ. ಆಸ್ಪತ್ರೆಯಲ್ಲಿ ಮಲಗಿಸಿ ತೆಗೆಯುವ ಇಸಿಜಿಯಲ್ಲಿ ಸಿಗುವುದು ಸುಮಾರು ಹತ್ತು ಸೆಕೆಂಡಿನ ಹೃದಯ ಬಡಿತ. ಎದೆ ಡವಡವ ಅನ್ನುತ್ತೆ, ತಲೆ ಸುತ್ತುತ್ತೆ ಅಂತ ಬಂದವರಿಗೆ ಆ ಹತ್ತು ಸೆಕೆಂಡಿನಲ್ಲೇ ಅದು ಆಗಬೇಕಲ್ವಾ? ಆಗುವುದಿಲ್ಲ. ರಿಪೋರ್ಟ್ ನಾರ್ಮಲ್ ಅಂತ ಬರುತ್ತೆ, ತೊಂದರೆ ಹಾಗೇ ಇರುತ್ತೆ. ಅದಕ್ಕೇ ದಿನವಿಡೀ ದಾಖಲಿಸುವ ಯಂತ್ರ ಬೇಕು. ಅಮೆರಿಕದ ಮೊಂಟಾನಾದ ನಾರ್ಮನ್ ಹೋಲ್ಟರ್ 1940ರ ದಶಕದಲ್ಲಿ ಸುಮಾರು 38 ಕಿಲೋ ತೂಕದ ರೇಡಿಯೋ ಉಪಕರಣವನ್ನು ಬೆನ್ನಿಗೆ ಹೊತ್ತು ಈ ಕೆಲಸ ಶುರು ಮಾಡಿದವರು. ಡಾಕ್ಟರು ಇವತ್ತಿಗೂ 'ಹೋಲ್ಟರ್ ಹಾಕಿಸಿ' ಅನ್ನುವುದು ಅವರ ಹೆಸರಲ್ಲೇ. ನಾವು ಮಾಡಿದ್ದು ಅದೇ ಯಂತ್ರದ ಒಂದು ಸಣ್ಣ, ಅಗ್ಗದ, ಹಳ್ಳಿಯ ಮನೆಯಲ್ಲೂ ನಡೆಯುವ ರೂಪ. ಅಷ್ಟೇ. ಒಂದೇ ಲೀಡಿನ ಬೆಲ್ಟ್, ಅಂದರೆ ಹೃದಯವನ್ನು ಒಂದೇ ಕೋನದಿಂದ ನೋಡುವಂಥದ್ದು. ಬಡಿತದ ಲಯ ತಪ್ಪಿದರೆ ತೋರಿಸುತ್ತದೆ, ಹಾರ್ಟ್ ಅಟ್ಯಾಕ್ ಕಂಡುಹಿಡಿಯುವುದಿಲ್ಲ. ಭಾಷಣಗಳಲ್ಲಿ ಇದು ಸ್ವಲ್ಪ ಜಾಸ್ತಿಯೇ ಉಬ್ಬಿತ್ತು. ಅದಕ್ಕೇ ಹೇಳಿದೆ.

ಮೊದಲ ಥ್ಯಾಂಕ್ಸ್ ಹೃದ್ರೋಗ ವಾರ್ಡಿನ ಹಿರಿಯ ಸಿಸ್ಟರ್‌ಗೆ. ಶುರುವಿನ ದಿನಗಳಲ್ಲಿ ಹೆಂಗಸರ ರೆಕಾರ್ಡಿಂಗ್ ಮಾತ್ರ ವಿಪರೀತ ಕೆಡುತ್ತಿತ್ತು. ಹೃದಯದ ಸಿಗ್ನಲ್ ಚರ್ಮದ ಮೇಲೆ ಸಿಗುವುದೇ ಸುಮಾರು ಒಂದು ಮಿಲಿವೋಲ್ಟ್. ಅದನ್ನು ಹಿಡಿಯಲು ಚರ್ಮಕ್ಕೆ ತಾಗಿಸಿಡುವ ಬಿಲ್ಲೆಯೇ ಎಲೆಕ್ಟ್ರೋಡ್. ತಾಳಿಸರ ಎಲೆಕ್ಟ್ರೋಡಿಗೆ ತಾಗಿ ಜರುಗಿದರೂ ಸಾಕು, ಗೆರೆ ಎಲ್ಲೆಲ್ಲಿಗೋ ಹಾರುತ್ತದೆ. ರೆಕಾರ್ಡಿಂಗ್ ಮುಗಿಯುವವರೆಗೆ ತಾಳಿ ತೆಗೆದಿಡಿ ಅಂತ ಸೂಚನೆಯಲ್ಲಿ ಬರೆಯೋಣ ಅಂತ ನಮ್ಮ ತಂಡದ ಹುಡುಗರು ಹೇಳಿದ್ದರು. ಸಿಸ್ಟರ್ ಅದನ್ನು ಓದಿ ಕಾಗದ ವಾಪಸ್ ಕೊಟ್ಟರು. "ಮೇಡಂ, ಅವರ ತಾಳಿ ಎಲ್ಲೂ ಹೋಗಲ್ಲ. ನಿಮ್ಮ ಎಲೆಕ್ಟ್ರೋಡ್ ಜರುಗಿಸಿ" ಅಂದರು. ಜರುಗಿಸಿದೆವು. ಎರಡನ್ನೂ ಎದೆಯ ಕೆಳಗೆ, ಪಕ್ಕೆಯ ಕಡೆ ತಂದೆವು. ಅಲೆಯ ಎತ್ತರ ಸ್ವಲ್ಪ ಕಮ್ಮಿಯಾಯಿತು, ಆದರೆ ದಿನವಿಡೀ ನಿಂತಿತು. ಈ ಬೆಲ್ಟಿನ ಅತಿ ಮುಖ್ಯ ವಿನ್ಯಾಸ ನಿರ್ಧಾರ ಇದು. ಇದನ್ನು ಮಾಡಿದವರು ಎಂಜಿನಿಯರ್ ಅಲ್ಲ.

ಎರಡನೆಯದು ಧಾರವಾಡದ ಹತ್ತಿರದ ಹಳ್ಳಿಯ ಅವ್ವನಿಗೆ. ನನ್ನ ವಿದ್ಯಾರ್ಥಿನಿ ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಓಡಿಬಂದಳು. ಪರದೆಯಲ್ಲಿ ಅಗಲ ಅಗಲವಾದ ಅಲೆಗಳು, ವೇಗವಾಗಿ, ಒಂದರ ಹಿಂದೆ ಒಂದು. ನೋಡಿದರೆ ಡಾಕ್ಟರು 'ವಿಟಿ' ಅನ್ನುವ ಅಪಾಯದ ಲಯವೇ. ಗಾಬರಿಯಾಗಿ ಅವ್ವನಿಗೆ ಫೋನ್ ಹಚ್ಚಿದೆವು. ಅವರು ಆರಾಮಾಗಿದ್ದರು. "ಅಕ್ಕಾರ, ಆ ಹೊತ್ತಿಗೆ ನಾ ರೊಟ್ಟಿ ಬಡೀಲಿಕ್ಕೆ ಹತ್ತಿದ್ದೆ ನೋಡ್ರಿ. ಹನ್ನೆರಡು ಮಂದಿಗೆ ಆಗಬೇಕಲ್ಲ" ಅಂದರು. ಹಲ್ಲುಜ್ಜುವಾಗ ಹೀಗೇ ಮೋಸ ಆಗುತ್ತದೆ ಅಂತ ವೈದ್ಯಕೀಯ ಪತ್ರಿಕೆಗಳಲ್ಲಿ ಓದಿದ್ದೆ. ಜೋಳದ ರೊಟ್ಟಿಯ ಬಗ್ಗೆ ಯಾರು ಬರೆದಾರು? ಮತ್ತೆ ಕೂತು ನೋಡಿದಾಗ ಆ ಅಗಲದ ಅಲೆಗಳ ನಡುವೆ ಅವ್ವನ ನಿಜವಾದ ಬಡಿತದ ಚೂಪು ಗೆರೆಗಳು ಸಮ ಅಂತರದಲ್ಲಿ ಹಾಯಾಗಿ ಸಾಗುತ್ತಿದ್ದವು.

ಆಮೇಲೆ ಬೆಲ್ಟಿಗೆ ಚಲನೆ ಅಳೆಯುವ ಚಿಪ್ ಸೇರಿತು. ಕೈ ಬಡಿತ ಯಾವುದು, ಎದೆ ಬಡಿತ ಯಾವುದು ಅಂತ ಬೇರೆ ಮಾಡುವುದೇ ನಮ್ಮ ಹಲವು ವರ್ಷಗಳ ಕೆಲಸವಾಯಿತು. ಲ್ಯಾಬಿನಲ್ಲಿ ಹುಡುಗರು ಅಂಥ ತುಣುಕುಗಳಿಗೆ 'ರೊಟ್ಟಿ' ಅಂತಲೇ ಗುರುತು ಹಾಕುತ್ತಿದ್ದರು. ಈಗಲೂ ಹಾಕುತ್ತಾರೆ.

ಹೊಸ ವಿದ್ಯಾರ್ಥಿಗಳಿಗೆ ಜಪಾನಿನ ಟಕುವೊ ಅಯೊಯಾಗಿ ಅವರ ಕಥೆಯನ್ನು ತಪ್ಪದೆ ಹೇಳುತ್ತಿದ್ದೆ. ಅವರು ಅಳೆಯಲು ಹೊರಟಿದ್ದು ಹೃದಯ ಎಷ್ಟು ರಕ್ತ ಪಂಪ್ ಮಾಡುತ್ತದೆ ಅನ್ನುವುದನ್ನು. ರಕ್ತಕ್ಕೆ ಬಣ್ಣ ಬಿಟ್ಟು, ಕಿವಿಯ ಮೂಲಕ ಬೆಳಕು ಹಾಯಿಸಿ ನೋಡುತ್ತಿದ್ದರು. ನಾಡಿಮಿಡಿತ ಮಧ್ಯೆ ಬಂದು ಗೆರೆ ಕೆಡಿಸುತ್ತಿತ್ತು. ಅದನ್ನು ಅಳಿಸಲು ಹೋದವರಿಗೆ, ಆ ಮಿಡಿತದಿಂದಲೇ ರಕ್ತದ ಆಮ್ಲಜನಕ ಲೆಕ್ಕ ಹಾಕಬಹುದು ಅಂತ ಹೊಳೆಯಿತು. ಅದನ್ನು ಮಂಡಿಸಿದ್ದು 1974ರಲ್ಲಿ. ಕೋವಿಡ್ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಪಲ್ಸ್ ಆಕ್ಸಿಮೀಟರ್ ಬಂದದ್ದು ಅಲ್ಲಿಂದ. ಈ ಕಥೆ ಹೇಳುವಾಗಲೆಲ್ಲ ನನಗೆ ಅವ್ವನ ರೊಟ್ಟಿ ನೆನಪಾಗುತ್ತಿತ್ತು.

ಇನ್ನು ಕಾಲೇಜಿನ ಹಿಂದಿನ ರಸ್ತೆಯ ಟೇಲರ್ ಅಣ್ಣ. ಬೆಲ್ಟ್ ಬ್ಲೌಸಿನ ಒಳಗೋ ಹೊರಗೋ, ಬೆವರು ಬಂದರೆ ಏನು, ತೊಳೆಯುವುದು ಹೇಗೆ, ಹಿಂದೆ ಕೈ ಹಾಕಲಾಗದ ಅಜ್ಜಿ ಹುಕ್ ಹಾಕುವುದು ಹೇಗೆ? ಅವರು ಕೇಳಿದ ಪ್ರಶ್ನೆಗಳನ್ನು ಯಾವ ಪರಿಣತರ ಸಮಿತಿಯೂ ಕೇಳಲಿಲ್ಲ. ಹುಕ್ ಮುಂದಕ್ಕೆ ಬಂದದ್ದು ಅವರಿಂದ. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಯವರಿಗೂ ನಮಸ್ಕಾರ. ಅನುದಾನ ಸಿಗದ ವರ್ಷಗಳಲ್ಲಿ ಆಂಪ್ಲಿಫೈಯರ್ ಚಿಪ್‌ಗಳನ್ನು ಉದ್ರಿ ಕೊಟ್ಟಿದ್ದಾರೆ. ಅನುದಾನದ ವಿಷಯ ಇಲ್ಲಿ ಬೇಡ, ಬಿಡಿ.

ನಾನು ಯಾವತ್ತೂ ನೋಡದ 47 ಜನರಿಗೂ ಒಂದು ಮಾತು ಹೇಳಬೇಕು. 1975ರಿಂದ 1979ರ ನಡುವೆ ಬಾಸ್ಟನ್ನಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ಅವರ ಇಸಿಜಿ ದಾಖಲಾಯಿತು. ಅರ್ಧರ್ಧ ಗಂಟೆಯ 48 ತುಣುಕುಗಳು. ಪ್ರತಿ ಬಡಿತಕ್ಕೂ ಹೃದ್ರೋಗ ತಜ್ಞರು ಗುರುತು ಹಾಕಿದ್ದಾರೆ. ಬಡಿತ ಎಣಿಸುವ ಪ್ರೋಗ್ರಾಂ ಬರೆದವರು ಯಾವ ದೇಶದವರಾದರೂ ಮೊದಲು ಪರೀಕ್ಷಿಸುವುದು ಈ ತುಣುಕುಗಳ ಮೇಲೆ. ನಾವೂ ಹಾಗೇ ಮಾಡಿದೆವು. ಅವರ ಹೆಸರು ನನಗೆ ಗೊತ್ತಿಲ್ಲ, ಗೊತ್ತಾಗಬಾರದು ಕೂಡ. ಆದರೆ ಕೆಲವರ ಬಡಿತ ನನಗೆ ನೆರೆಮನೆಯವರ ಧ್ವನಿಯಷ್ಟು ಪರಿಚಿತ.

ವಿದ್ಯಾರ್ಥಿಗಳೇ, ನಿಮಗೆ ಪ್ರತ್ಯೇಕ ಪತ್ರ ಬರೆಯುತ್ತೇನೆ. ಇಲ್ಲಿ ಬರೆದರೆ ಉದ್ದವಾಗುತ್ತದೆ, ಅಲ್ಲದೆ ನಿಮ್ಮ ಬೆಸುಗೆ ಕೆಲಸದ ಬಗ್ಗೆ ಎಲ್ಲರೆದುರು ಹೇಳುವುದು ಚೆನ್ನಾಗಿರುವುದಿಲ್ಲ. ಮನೆಯವರಿಗೆ ಮುಖತಃ ಹೇಳಿದ್ದೇನೆ. ನಮ್ಮವರು ರಾತ್ರಿ ಬೆಲ್ಟ್ ಕಟ್ಟಿಕೊಂಡೇ ಮಲಗುತ್ತಿದ್ದರು. ಯಾವ ಮಗ್ಗುಲಾದರೆ ಸಿಗ್ನಲ್ ಕೆಡುತ್ತದೆ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಕೊನೆಗೊಂದು ಕೆಲಸದ ಮಾತು. ಹಳೆಯ ಬೆಲ್ಟ್‌ಗಳು ಕೆಲವರ ಮನೆಯಲ್ಲಿ ಇನ್ನೂ ಉಳಿದಿವೆ ಅಂತ ಕೇಳಿದೆ. ವಾಪಸ್ ಕೊಡಬೇಕಾಗಿಲ್ಲ, ನೆನಪಿಗೆ ಇಟ್ಟುಕೊಳ್ಳಿ. ಆದರೆ ಒಳಗಿನ ಬ್ಯಾಟರಿ ಇಷ್ಟು ವರ್ಷಕ್ಕೆ ಉಬ್ಬಿರಬಹುದು. ಚುಚ್ಚಬೇಡಿ, ಮನೆ ಕಸಕ್ಕೂ ಹಾಕಬೇಡಿ. ನಮ್ಮ ಡಿಪಾರ್ಟ್‌ಮೆಂಟಿಗೆ ಬೆಲ್ಟ್ ತಂದರೆ ಹುಡುಗರು ಬ್ಯಾಟರಿ ತೆಗೆದುಕೊಡುತ್ತಾರೆ. ನಾನಿಲ್ಲದಿದ್ದರೂ ಲ್ಯಾಬ್ ತೆರೆದಿರುತ್ತದೆ.