ಸಸ್ಯಗಳಲ್ಲಿ ಔಷಧಗಳೆಷ್ಟು?

ಮಾನ್ಯ ಸಂಪಾದಕರೇ,

ನಮ್ಮ ಗಿಡಮರಗಳಲ್ಲಿ ಸಾವಿರಾರು ಔಷಧೀಯ ರಾಸಾಯನಿಕಗಳಿವೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಆದರೆ ಅದು ಯಾವ ಹಂತದ ಅಂಕಿ ಎಂಬ ವಿವರ ಮಾತ್ರ ಇರುವುದಿಲ್ಲ. ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ ಸಂಶೋಧಕರು ರೂಪಿಸಿರುವ ‘ಇಂಪ್ಯಾಟ್’ ದತ್ತಾಂಶ ಕೋಶದ ಎರಡನೇ ಆವೃತ್ತಿಯಲ್ಲಿ 4,010 ಭಾರತೀಯ ಔಷಧೀಯ ಸಸ್ಯಗಳ 17,967 ರಾಸಾಯನಿಕಗಳು ದಾಖಲಾಗಿದ್ದು, ಅಣುವಿನ ಗಾತ್ರವೇ ಮುಂತಾದ ನಿಯಮಗಳ ಜರಡಿ ಹಿಡಿದಾಗ ಔಷಧವಾಗುವ ಲಕ್ಷಣವುಳ್ಳವೆಂದು ಉಳಿದವು 1,335. ಇದು ಕಂಪ್ಯೂಟರ್ ಮಾಡಿದ ಆಯ್ಕೆಯೇ ಹೊರತು, ಅಷ್ಟೂ ರಾಸಾಯನಿಕಗಳು ರೋಗಿಗಳಿಗೆ ಗುಣ ನೀಡಿವೆ ಎಂದು ಅರ್ಥವಲ್ಲ.

ಈ ಜರಡಿ ಎರಡೂ ಕಡೆ ತಪ್ಪಬಲ್ಲದು. ಇಂಥ ನಿಯಮಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದರ ಪ್ರಕಾರ ಅಣುತೂಕ 500ನ್ನು ಮೀರಬಾರದು. ಅರಿಸಿನದ ಕರ್ಕ್ಯುಮಿನ್‌ನ ಅಣುತೂಕ ಸುಮಾರು 368; ಪ್ರಯೋಗಾಲಯದ ತಟ್ಟೆಯಲ್ಲಿ ಅದು ಮಾಡದ ಪವಾಡವೇ ಇಲ್ಲ, ಆದರೂ ದೇಹ ಅದನ್ನು ಸರಿಯಾಗಿ ಹೀರಿಕೊಳ್ಳದ ಕಾರಣ, ಮನುಷ್ಯರ ಮೇಲೆ ನೂರಕ್ಕೂ ಹೆಚ್ಚು ಪ್ರಯೋಗಗಳು ನಡೆದ ಮೇಲೂ ಔಷಧವಾಗಿ ನೆಲೆಯೂರಿಲ್ಲ. ನಮ್ಮ ಅಂಗಳದ ನಿತ್ಯಪುಷ್ಪದ ವಿನ್‌ಬ್ಲಾಸ್ಟಿನ್‌ನದು 811. ನಿಯಮದಂತೆ ಹೊರಗುಳಿಯಬೇಕಾದ ಅದು ದಶಕಗಳಿಂದ ಕ್ಯಾನ್ಸರ್ ಚಿಕಿತ್ಸೆಯಲ್ಲಿದೆ. 1950ರ ದಶಕದಲ್ಲಿ ಕೆನಡಾದ ಸಂಶೋಧಕರು ಈ ಗಿಡವನ್ನು ಪರೀಕ್ಷಿಸಿದ್ದು ಸಕ್ಕರೆ ಕಾಯಿಲೆಗೆ. ಇಲಿಗಳ ರಕ್ತದ ಸಕ್ಕರೆ ಇಳಿಯಲಿಲ್ಲ, ಬದಲಿಗೆ ಬಿಳಿ ರಕ್ತಕಣಗಳು ಕುಸಿದವು; ಅದೇ ಕ್ಯಾನ್ಸರ್ ಔಷಧದ ಸುಳಿವಾಯಿತು. ಆ ಗಿಡದಲ್ಲಿ ನೂರಕ್ಕೂ ಮಿಕ್ಕಿ ಆಲ್ಕಲಾಯ್ಡ್‌ಗಳಿದ್ದರೂ (ಸಾರಜನಕವುಳ್ಳ ಸಸ್ಯ ರಾಸಾಯನಿಕಗಳು) ನೇರವಾಗಿ ಕ್ಯಾನ್ಸರ್ ಔಷಧಗಳಾದವು ಬೆರಳೆಣಿಕೆಯಷ್ಟು.

1985ರಲ್ಲಿ ಅಮೆರಿಕದ ಔಷಧಸಸ್ಯ ವಿಜ್ಞಾನಿ ನಾರ್ಮನ್ ಫಾರ್ನ್ಸ್‌ವರ್ತ್ ಮತ್ತು ಸಂಗಡಿಗರು ಜಗತ್ತಿನಲ್ಲಿ ಬಳಕೆಯಲ್ಲಿದ್ದ ಸಸ್ಯಮೂಲದ ಔಷಧಗಳನ್ನು ಎಣಿಸಿದಾಗ ಸುಮಾರು 90 ಸಸ್ಯಗಳಿಂದ ಸಿಕ್ಕವು 119. ಭೂಮಿಯ ಮೇಲೆ ಮೂರು ಲಕ್ಷಕ್ಕೂ ಹೆಚ್ಚು ಸಸ್ಯ ಪ್ರಭೇದಗಳಿರುವುದರಿಂದ ಇದೇ ಪ್ರಮಾಣದಲ್ಲಿ ಗುಣಿಸಿ ಲಕ್ಷಗಟ್ಟಲೆ ಔಷಧಗಳಿವೆ ಎನ್ನುವವರಿದ್ದಾರೆ. ಇದು ಸಲ್ಲದು. ಆ 119ರಲ್ಲಿ ಮುಕ್ಕಾಲು ಪಾಲು ಜನಬಳಕೆಯ ಜಾಡು ಹಿಡಿದು ಹೋದವರಿಗೆ ದಕ್ಕಿದವು. ಅಂದರೆ ಆ 90 ಸಸ್ಯಗಳು ಕಣ್ಣುಮುಚ್ಚಿ ಆರಿಸಿದ ಮಾದರಿಯಲ್ಲ, ಅವುಗಳ ಹಿಂದೆ ತಲೆಮಾರುಗಳ ಆಯ್ಕೆಯಿದೆ. ಉಳಿದ ಕಾಡುಗಿಡಗಳಿಗೂ ಅದೇ ಸರಾಸರಿಯನ್ನು ಹಚ್ಚಲು ಆಧಾರವೇನು?

ಆದ್ದರಿಂದ ಇಂಥ ವರದಿಗಳಲ್ಲಿ ‘ಔಷಧೀಯ ಗುಣ’ ಎಂದು ಬರೆದಾಗ, ಅದು ಕಂಪ್ಯೂಟರ್ ಲೆಕ್ಕದಲ್ಲಿ ಕಂಡದ್ದೋ, ಜೀವಕೋಶ ಅಥವಾ ಇಲಿಯಲ್ಲಿ ಕಂಡದ್ದೋ, ರೋಗಿಗಳಲ್ಲಿ ಸಾಬೀತಾದದ್ದೋ ಎಂಬುದನ್ನು ಶೀರ್ಷಿಕೆಯ ಕೆಳಗೇ ಒಂದು ಸಾಲಿನಲ್ಲಿ ತಿಳಿಸಬೇಕೆಂದು ಕೋರುತ್ತೇನೆ.

— ಸಸ್ಯಶಾಸ್ತ್ರದ ನಿವೃತ್ತ ಅಧ್ಯಾಪಕ, ಶಿರಸಿ