ಹಿತ್ತಲ ಗಿಡವನ್ನೂ ಒಮ್ಮೆ ನೋಡು

ಸಿಲ್ವರ್ ಸ್ಪ್ರಿಂಗ್, ಮೇರಿಲ್ಯಾಂಡ್

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ಮೊನ್ನೆ ಚಿನ್ನುವಿನ ಶಾಲೆಯ ಮಾತು ಬಂದಾಗ ನಿನ್ನ ದನಿ ಕೇಳಿ ನನಗೆ ನಿದ್ದೆ ಬರಲಿಲ್ಲ. ಐದು ತುಂಬದ ಮಗುವಿಗೆ ಎಕ್ಸೆಲ್ ಶೀಟು ಮಾಡಿದ್ದೀಯ. ಅದರಲ್ಲಿ ಹನ್ನೊಂದು ಚಾರ್ಟರ್ ಶಾಲೆ. ನಿಮ್ಮ ಬೀದಿ ಕೊನೆಯ ಶಾಲೆಗೆ ಒಂದು ಸಾಲೂ ಇಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ದೊಡ್ಡಪ್ಪ ಮಧ್ಯೆ ಬಾಯಿ ಹಾಕುತ್ತಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನ್ನ ಅಮ್ಮ "ಚಾರ್ಟರ್ ಅಂದ್ರೆ ಕಾನ್ವೆಂಟಾ ಅಕ್ಕಾ?" ಅಂತ ಕೇಳಿದಳು. ಅಲ್ಲ, ನಮ್ಮ ಕಡೆಯ ಅನುದಾನಿತ ಶಾಲೆಯ ಥರ ಅಂದೆ. ದುಡ್ಡು ಸರ್ಕಾರದ್ದು, ನಡೆಸುವವರು ಬೇರೆ ಆಡಳಿತ ಮಂಡಳಿ. ಫೀಸಿಲ್ಲ, ಪ್ರವೇಶ ಪರೀಕ್ಷೆಯಿಲ್ಲ. ಸೀಟಿಗಿಂತ ಅರ್ಜಿ ಜಾಸ್ತಿಯಾದರೆ ಲಾಟರಿ. 1991ರಲ್ಲಿ ಮಿನ್ನೆಸೋಟದಲ್ಲಿ ಇದಕ್ಕೆ ಮೊದಲ ಕಾನೂನಾಯಿತು, ನಿಮ್ಮ ವಾಷಿಂಗ್ಟನ್ ಡಿ.ಸಿ.ಗೆ ಬಂದದ್ದು 1995ರ ಕಾನೂನಿನಿಂದ. ಈಗ ನಿಮ್ಮ ಊರಿನಲ್ಲಿ ಸರ್ಕಾರದ ದುಡ್ಡಿನಲ್ಲಿ ಓದುವ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಚಾರ್ಟರಿನಲ್ಲೇ ಇದ್ದಾರೆ. ಹಾಗಾಗಿ ಅದನ್ನು ನೋಡಲೇಬೇಡ ಅಂತ ನಾನು ಹೇಳುತ್ತಿಲ್ಲ.

ನಾನು ಮಾಡಿದ್ದೂ ನೀನು ಮಾಡುತ್ತಿರುವುದೇ. 2007ರಲ್ಲಿ ನಾವೂ ವಾಷಿಂಗ್ಟನ್ನಿನಲ್ಲೇ, ಬ್ರೂಕ್‌ಲ್ಯಾಂಡಿನಲ್ಲಿದ್ದೆವು. ಆಗ ಒಂದೊಂದು ಚಾರ್ಟರಿಗೂ ಬೇರೆ ಅರ್ಜಿ, ಬೇರೆ ತಾರೀಖು. ಊರಿನ ಆ ತುದಿಯ ಒಂದು ಶಾಲೆಯಲ್ಲಿ ನಿನ್ನ ಅಕ್ಕನ ಹೆಸರು ಬಂದಾಗ ಕೇಸರಿಬಾತ್ ಮಾಡಿ ಹಂಚಿದ್ದೆ. ಸ್ಪ್ಯಾನಿಶ್ ಕಲಿಸುತ್ತೇವೆ ಅಂದಿದ್ದರು. ಒಂದೇ ವರ್ಷದಲ್ಲಿ ಮೂರು ಜನ ಸ್ಪ್ಯಾನಿಶ್ ಟೀಚರ್ ಬದಲಾದರು. ಅದನ್ನಾದರೂ ತಡೆದುಕೊಂಡೆ. ಬೆಳಗಿನ ಹೊತ್ತು ತಡೆದುಕೊಳ್ಳಲು ಆಗಲಿಲ್ಲ. ಆ ಊರಿನಲ್ಲಿ ಹೆಚ್ಚಿನ ಶಾಲೆಗಳಿಗೆ ಹಳದಿ ಸ್ಕೂಲ್ ಬಸ್ಸಿಲ್ಲ ಅಂತ ನಿನಗೂ ಗೊತ್ತು. ಎರಡು ಸಿಟಿ ಬಸ್ಸು ಹಿಡಿಯಬೇಕಿತ್ತು. ಜನವರಿಯ ಕತ್ತಲಲ್ಲಿ ಅವಳು ತುಪ್ಪ ಸಕ್ಕರೆ ಹಚ್ಚಿದ ಚಪಾತಿ ಸುರುಳಿ ಕೈಯಲ್ಲಿ ಹಿಡಿದುಕೊಂಡೇ ನನ್ನ ತೋಳಿಗೆ ಒರಗಿ ನಿದ್ದೆ ಹೋಗುತ್ತಿದ್ದಳು. ಆ ಕೋಟಿನ ತೋಳಿನಲ್ಲಿ ತುಪ್ಪದ ಕಲೆ ಈಗಲೂ ಇದೆ. ಸಂಜೆ ಮನೆಗೆ ಬಂದರೆ ಆಟಕ್ಕೆ ಜೊತೆಯಿಲ್ಲ. ಅವಳ ಸ್ನೇಹಿತರೆಲ್ಲ ಊರಿನ ಬೇರೆ ಬೇರೆ ಮೂಲೆಯವರು.

ಅವಳು ಮೂರನೇ ಕ್ಲಾಸಿಗೆ ಬರುವಾಗ ನಾವೇ ಸೋತು ಮನೆ ಹತ್ತಿರದ ಶಾಲೆಗೇ ಹಾಕಿದೆವು. ಗೋಡೆಯ ಬಣ್ಣ ಕಿತ್ತುಹೋಗಿತ್ತು, ಅಂಕಪಟ್ಟಿಯಲ್ಲಿ ಆ ಶಾಲೆ ತೀರಾ ಕೆಳಗಿತ್ತು. ಎರಡನೇ ವಾರ ಅಲ್ಲಿನ ಟೀಚರಮ್ಮ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ, ಇವಳು ಬೋರ್ಡು ನೋಡುವಾಗ ಕಣ್ಣು ಕಿರಿದು ಮಾಡುತ್ತಾಳೆ, ಪರೀಕ್ಷೆ ಮಾಡಿಸಿ ಅಂದರು. ಕನ್ನಡಕ ಬೇಕಾಗಿತ್ತು, ಪುಟ್ಟಿ. ಎರಡು ವರ್ಷ ಆ ಕಡೆ ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ, ಬಿಡು.

ಅಷ್ಟಕ್ಕೇ ಚಾರ್ಟರ್ ಕೆಟ್ಟದ್ದು ಅಂತ ತಿಳಿಯಬೇಡ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬಳ ಮಗನಿಗೆ ಓದೇ ಹತ್ತುತ್ತಿರಲಿಲ್ಲ. ಮನೆ ಪಕ್ಕದ ಶಾಲೆ ಕೈಚೆಲ್ಲಿತ್ತು, ಚಾರ್ಟರಿನವರು ದಿನಾ ಸಂಜೆ ಕೂರಿಸಿಕೊಂಡು ಓದಿಸಿದರು. ಅಳಿಯಂದಿರು ಕಳಿಸಿದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರ 2023ರ ವರದಿ ನೋಡಿದೆ. ದೇಶದ ಲೆಕ್ಕದಲ್ಲಿ ಚಾರ್ಟರ್ ಮಕ್ಕಳು ಮಾಮೂಲಿ ಸರ್ಕಾರಿ ಶಾಲೆಯ ಮಕ್ಕಳಿಗಿಂತ ಓದಿನಲ್ಲಿ ವರ್ಷಕ್ಕೆ 16 ದಿನದ ಪಾಠದಷ್ಟು, ಗಣಿತದಲ್ಲಿ 6 ದಿನದಷ್ಟು ಮುಂದಿದ್ದಾರಂತೆ. ಸರಿ. ನಿನ್ನ ಪಟ್ಟಿಯ ಶಾಲೆ ಆ ಸರಾಸರಿಗಿಂತ ಮೇಲಿದೆಯೋ ಕೆಳಗಿದೆಯೋ, ಅದನ್ನು ವರದಿ ಹೇಳುವುದಿಲ್ಲ ಅಲ್ವಾ?

ಲಾಟರಿ ಬಗ್ಗೆ ನಿನಗಿರುವ ಹೆದರಿಕೆ ಜಾಸ್ತಿಯಾಯಿತು. ಚಿನ್ನುವಿಗೆ ಸೆಪ್ಟೆಂಬರ್ 30ರೊಳಗೆ ಐದು ತುಂಬುತ್ತದೆ. ಕಿಂಡರ್‌ಗಾರ್ಟನ್ನಿನಿಂದ ನಿಮ್ಮ ಏರಿಯಾದ ಶಾಲೆಯಲ್ಲಿ ಅವನಿಗೆ ಸೀಟು ಇದ್ದೇ ಇದೆ. ಲಾಟರಿಗೆ ಹಾಕಿದರೂ ಆ ಹಕ್ಕು ಹೋಗುವುದಿಲ್ಲ. ಈಗ ಹತ್ತಿರ ಹತ್ತಿರ ಎಲ್ಲಕ್ಕೂ ಒಂದೇ ಅರ್ಜಿ, ಹನ್ನೆರಡು ಶಾಲೆಯವರೆಗೆ ಬರೆಯಬಹುದು. ಬರೆಯಲೇಬೇಕು ಅಂತಿಲ್ಲ, ಜಾಗ ಇದೆ ಅಂತ ಸುಮ್ನೆ ತುಂಬಬೇಡ. ಒಂದು ಸಿಕ್ಕಿತು ಅಂದರೆ ಅದಕ್ಕಿಂತ ಕೆಳಗೆ ಬರೆದಿದ್ದೆಲ್ಲ ಬಿದ್ದುಹೋಗುತ್ತದೆ, ಮೇಲಿನವುಗಳ ವೇಟಿಂಗ್ ಲಿಸ್ಟಿನಲ್ಲಿ ಹೆಸರು ಇರುತ್ತದೆ. "ಅದು ಸಿಗೋದು ಕಷ್ಟ, ಎರಡನೆಯದನ್ನೇ ಮೊದಲು ಹಾಕೋಣ" ಅಂತ ಅಳಿಯಂದಿರು ಲೆಕ್ಕ ಹಾಕಿದರೆ ಬೇಡ ಅನ್ನು. ನಿಜವಾಗಿ ಬೇಕಾದದ್ದನ್ನು ಬೇಕಾದ ಕ್ರಮದಲ್ಲಿ ಬರೆದರೆ ನಷ್ಟವಾಗದ ಹಾಗೇ ಈ ಲಾಟರಿ ಮಾಡಿದ್ದಾರೆ.

ಆ ಕ್ರಮ ಬರೆಯುವ ಮೊದಲು ಶಾಲೆಗಳಿಗೆ ಹೋಗಿ ಬಾ. ಓಪನ್ ಹೌಸಿನಲ್ಲಿ ಎಲ್ಲರೂ ನಗುತ್ತಾರೆ, ಮದುವೆ ಮನೆಯಲ್ಲಿ ನಕ್ಕ ಹಾಗೆ. ಬೇರೆ ದಿನ ಊಟದ ಹೊತ್ತಿಗೆ ಒಳಗೆ ಬಿಡುತ್ತಾರಾ ಕೇಳು. ಕಳೆದ ವರ್ಷದ ಟೀಚರುಗಳಲ್ಲಿ ಎಷ್ಟು ಜನ ಈ ವರ್ಷವೂ ಇದ್ದಾರೆ ಕೇಳು. ಈ ಒಂದು ಪ್ರಶ್ನೆಗೆ ಯಾವ ಶಾಲೆ ತಡವರಿಸುತ್ತದೆ ನೋಡು, ಚಾರ್ಟರಾಗಲಿ, ಇನ್ನೊಂದಾಗಲಿ. ಚಾರ್ಟರಿನಲ್ಲಿ ಲೆಕ್ಕಪತ್ರದ ವಿಷಯವನ್ನೂ ಕೇಳು, ನಾಚಿಕೆ ಬೇಡ. 2024ರ ಆಗಸ್ಟಿನಲ್ಲಿ ಕ್ಲಾಸು ಶುರುವಾಗಲು ಕೆಲವೇ ದಿನ ಇರುವಾಗ ನಿಮ್ಮ ಊರಿನಲ್ಲೇ ಒಂದು ಚಾರ್ಟರ್ ಶಾಲೆ ದುಡ್ಡಿಲ್ಲದೆ ಮುಚ್ಚಿತು. ಮಕ್ಕಳ ಹೊಸ ಬ್ಯಾಗು ಮನೆಯಲ್ಲೇ ಉಳಿಯಿತು, ಪಾಪ.

ನನ್ನನ್ನು ಕೇಳಿದರೆ, ಮಗುವಿಗೆ ಬೇಕಾದ ಯಾವುದೋ ಒಂದು ವಿಷಯ ಹತ್ತಿರದ ಶಾಲೆಯಲ್ಲಿ ಇಲ್ಲವೇ ಇಲ್ಲ ಅನ್ನುವವರೆಗೆ ನಾನು ಹತ್ತಿರದ್ದನ್ನೇ ಹಿಡಿಯುತ್ತೇನೆ. ಪೆಟ್‌ವರ್ತಿನ ನಿಮ್ಮ ಮನೆಯಿಂದ ಅದು ಆರು ನಿಮಿಷದ ನಡಿಗೆ, ಕಳೆದ ಸಲ ಚಿನ್ನುವನ್ನು ಕರೆದುಕೊಂಡು ನಾನೇ ಎಣಿಸಿದೆ. ಅಂಕ ಕಡಿಮೆ ಅಂತ ಒಳಗೆ ಕಾಲಿಡದೆ ಬಿಟ್ಟಿದ್ದೀಯ. ಹಿತ್ತಲ ಗಿಡ ಮದ್ದಲ್ಲ ಅಂತ ನಾವೂ ಹೀಗೇ ಬಿಟ್ಟಿದ್ದೆವು.

ಅರ್ಜಿಗೆ ಮಾರ್ಚ್ ಮೊದಲ ವಾರದವರೆಗೆ ಹೊತ್ತಿದೆ. ಬರುವ ಗುರುವಾರ ನನಗೆ ರಜೆ. ಒಂಬತ್ತಕ್ಕೆ ಬರುತ್ತೇನೆ, ಇಬ್ಬರೂ ಆ ಶಾಲೆಗೆ ಹೋಗಿ ಬರೋಣ. ಚಟ್ನಿಪುಡಿ ಮಾಡಿಟ್ಟಿದ್ದೇನೆ, ಹೋದ ಸಲದ ಡಬ್ಬ ತೊಳೆದಿಟ್ಟಿರು.

ಇಂತಿ ನಿನ್ನ
ದೊಡ್ಡಮ್ಮ