ಇನ್ನು ಮುಂದೆ ರೇಡಾನ್ ತಡೆ ಇಲ್ಲದೆ ಪಾಯ ಮುಚ್ಚುವುದಿಲ್ಲ

ಆತ್ಮೀಯ ಗ್ರಾಹಕರೇ,

ನಮ್ಮ ಅಂದಾಜು ಪಟ್ಟಿಯ ಕೊನೆಯ ಪುಟದಲ್ಲಿ ಇಷ್ಟು ದಿನ ಒಂದು ಸಾಲು ಇರುತ್ತಿತ್ತು: ‘ರೇಡಾನ್ ತಡೆ: ಬೇಕು / ಬೇಡ’. ಮುಂದಿನ ತಿಂಗಳಿಂದ ಆ ಸಾಲು ಇರುವುದಿಲ್ಲ. ನಾವು ಕಟ್ಟುವ ಪ್ರತಿಯೊಂದು ಮನೆಗೂ ರೇಡಾನ್ ತಡೆ, ಅಂದರೆ ನೆಲದಿಂದ ಮನೆಯೊಳಗೆ ನುಸುಳುವ ರೇಡಾನ್ ಎಂಬ ವಿಕಿರಣಶೀಲ ಅನಿಲವನ್ನು ತಡೆಯುವ ಏರ್ಪಾಡು, ಇದ್ದೇ ಇರುತ್ತದೆ. ಇದರಿಂದ ನಿಮ್ಮ ಖರ್ಚು ಸ್ವಲ್ಪ ಹೆಚ್ಚುತ್ತದೆ, ಪಾಯದ ಕೆಲಸ ಒಂದೆರಡು ದಿನ ಜಾಸ್ತಿ ಹಿಡಿಯುತ್ತದೆ. ಹಾಗಾಗಿ ಯಾಕೆ ಅಂತ ಬಿಡಿಸಿ ಹೇಳುವುದು ನಮ್ಮ ಕರ್ತವ್ಯ.

ಆ ಸಾಲು ಅಲ್ಲಿ ಇದ್ದದ್ದೇ ತಪ್ಪು. ಟೈಲ್ಸ್ ಬಣ್ಣ, ಬಾಗಿಲ ಹಿಡಿ ಇವುಗಳ ಕೆಳಗೆ ಅದನ್ನೂ ಸೇರಿಸಿದ್ದೆವು. ಹೆಚ್ಚಿನವರು ಒಮ್ಮೆ ಕಣ್ಣಾಡಿಸಿ ‘ಬೇಡ’ಕ್ಕೆ ಗುರುತು ಹಾಕುತ್ತಿದ್ದರು. ಅವರನ್ನು ದೂರುವ ಹಾಗಿಲ್ಲ. ಕಾಣದ, ವಾಸನೆ ಇಲ್ಲದ ಅನಿಲದ ಬಗ್ಗೆ ನಾವೇ ಸರಿಯಾಗಿ ಹೇಳಿರಲಿಲ್ಲ.

ನಾವು ಕಟ್ಟಿಕೊಟ್ಟ ಒಂದು ಮನೆಯವರು ವಾಸಕ್ಕೆ ಬಂದು ವರ್ಷವಾದ ಮೇಲೆ ರೇಡಾನ್ ಅಳತೆ ಮಾಡಿಸಿದರು. ಮಕ್ಕಳು ಮಲಗುವ ಕೋಣೆಯಲ್ಲಿ ಅದು ಘನ ಮೀಟರಿಗೆ 300 ಬೆಕೆರಲ್ (ವಿಕಿರಣ ಅಳೆಯುವ ಮಾನ) ದಾಟಿತ್ತು; ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಟ್ಟ 100. ನೆಲದಡಿಯ ಅನಿಲವನ್ನು ಪೈಪಿನಲ್ಲಿ ಹೊರಗೆಳೆಯಲು ನಾವು ಹೋಗಿ, ನಾವೇ ಹಾಕಿದ ನೆಲವನ್ನು ಕೊರೆದೆವು. ಒಂದು ತೂತು ಸಾಲಲಿಲ್ಲ, ಏಕೆಂದರೆ ಕೆಳಗೆ ಗಾಳಿ ಆಡುವಂತೆ ಜಲ್ಲಿ ಹಾಸಿರಲಿಲ್ಲ. ಎರಡನೆಯದು ಕೊರೆಯುವಾಗ ಆ ತಾಯಿ ಮಕ್ಕಳ ಪುಸ್ತಕದ ಕಪಾಟಿಗೆ ಬೆಡ್‌ಶೀಟ್ ಹೊದಿಸಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕುತ್ತಿದ್ದರು. ಪೈಪು, ಫ್ಯಾನು ಕೂರಿಸಿದ ಮೇಲೆ ಮಟ್ಟ ಇಳಿಯಿತು. ಆದರೆ ಕಾಂಕ್ರೀಟ್ ಹಾಕುವ ಮುಂಚೆ ಸಲೀಸಾಗಿ ಮುಗಿಯಬೇಕಿದ್ದ ಕೆಲಸ ಅದು. ಈ ಬದಲಾವಣೆ ಶುರುವಾದದ್ದು ಅಲ್ಲಿಂದ.

ರೇಡಾನ್ ಬರುವುದು ನೆಲದಿಂದ. ಮಣ್ಣಿನಲ್ಲಿ, ಬಂಡೆಯಲ್ಲಿ ಅಷ್ಟಿಷ್ಟು ಯುರೇನಿಯಂ ಎಲ್ಲ ಕಡೆಯೂ ಇರುತ್ತದೆ. ಅದು ಹಂತ ಹಂತವಾಗಿ ಒಡೆದು ರೇಡಿಯಂ ಆಗುತ್ತದೆ, ರೇಡಿಯಂ ಒಡೆದು ರೇಡಾನ್ ಆಗುತ್ತದೆ. ಈ ಅನಿಲ ಅರ್ಧಕ್ಕೆ ಇಳಿಯಲು 3.8 ದಿನ ಬೇಕು. ಮಣ್ಣಿನ ಸಂದಿಗಳಲ್ಲಿ ನುಸುಳಿ ಮೇಲೆ ಬರಲು ಅಷ್ಟು ಸಮಯ ಸಾಕು. ಬಯಲಲ್ಲಿ ಬಂದರೆ ಗಾಳಿಗೆ ಚದುರಿಹೋಗುತ್ತದೆ. ಮನೆಯ ವಿಷಯ ಬೇರೆ. ಒಳಗಿನ ಬೆಚ್ಚಗಿನ ಗಾಳಿ ಮೇಲೇರಿ ಹೊರಹೋದಂತೆ ನೆಲದ ಹತ್ತಿರ ಒತ್ತಡ ಚೂರು ಕಡಿಮೆಯಾಗುತ್ತದೆ. ಆಗ ಮನೆಯೇ ಕೆಳಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನೆಲದ ಬಿರುಕು, ಗೋಡೆ ಸೇರುವ ಮೂಲೆ, ಪೈಪಿನ ಸುತ್ತಲಿನ ಸಂದಿ, ಎಲ್ಲಾದರೂ ದಾರಿ ಸಿಕ್ಕರೆ ಸಾಕು.

ಒಳಗೆ ಬಂದ ರೇಡಾನ್ ಒಡೆದು ಪೊಲೋನಿಯಂ ಎಂಬ ವಿಕಿರಣಶೀಲ ಲೋಹ ಆಗುತ್ತದೆ. ಅದು ದೂಳಿಗೆ ಅಂಟಿ ಶ್ವಾಸಕೋಶ ಸೇರಿ, ಅಲ್ಲೇ ಕಿರಣ ಹೊರಸೂಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ಶೇ. 3ರಿಂದ 14ರಷ್ಟು ರೇಡಾನ್‌ನಿಂದ ಬರುವಂಥವು. ದೇಶದಿಂದ ದೇಶಕ್ಕೆ ಈ ಲೆಕ್ಕ ಬದಲಾಗುತ್ತದೆ. ಧೂಮಪಾನ ಬಿಟ್ಟರೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಮನೆಯಲ್ಲಿ ಸಿಗರೇಟು ಸೇದುವವರಿದ್ದರೆ ಅವರಿಗೆ ಅಪಾಯ ಇನ್ನೂ ಜಾಸ್ತಿ.

‘ಮೊದಲು ಮಣ್ಣು ಪರೀಕ್ಷೆ ಮಾಡಿಸೋಣ, ಇಲ್ಲದಿದ್ದರೆ ಸುಮ್ನೆ ಯಾಕೆ ಖರ್ಚು?’ ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮಣ್ಣಿನ ಪರೀಕ್ಷೆ ಒಂದು ಸುಳಿವು ಕೊಡುತ್ತದೆ ನಿಜ. ಆದರೆ ನಾಳೆ ನಿಮ್ಮ ಕೋಣೆಯಲ್ಲಿ ಎಷ್ಟು ಸೇರುತ್ತದೆ ಅಂತ ಮನೆ ಕಟ್ಟುವ ಮುಂಚೆ ನಿಖರವಾಗಿ ಹೇಳಲು ಆಗುವುದಿಲ್ಲ. ಅಕ್ಕಪಕ್ಕದ ಎರಡು ಮನೆಗಳಲ್ಲೇ ಅಳತೆ ಪೂರ್ತಿ ಬೇರೆ ಬರಬಹುದು. 1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ಅಣು ವಿದ್ಯುತ್ ಸ್ಥಾವರದ ಕೆಲಸಕ್ಕೆ ಹೋದಾಗಲೆಲ್ಲ ಅಲ್ಲಿನ ವಿಕಿರಣ ಅಲಾರಂ ಬಡಿದುಕೊಳ್ಳುತ್ತಿತ್ತು. ಹುಡುಕಿದರೆ ಕಾರಣ ಸ್ಥಾವರ ಅಲ್ಲ, ಅವರ ಮನೆ. ಅಷ್ಟು ರೇಡಾನ್ ತುಂಬಿದ್ದರೂ ಮನೆಯವರಿಗೆ ಯಾವ ಸುಳಿವೂ ಇರಲಿಲ್ಲ.

ಈಗ ಕೆಲಸದ ವಿಷಯ. ಪಾಯದೊಳಗೆ ಸುಮಾರು 10 ಸೆಂಟಿಮೀಟರ್ ದಪ್ಪಕ್ಕೆ ಪುಡಿ ಇಲ್ಲದ ಜಲ್ಲಿ ಹಾಸುತ್ತೇವೆ. ಅದರಲ್ಲಿ ತೂತಿನ ಪೈಪು ಮಲಗಿಸುತ್ತೇವೆ. ಮೇಲೆ ರೇಡಾನ್ ತಡೆಯುವ ಹಾಳೆ, ಆಮೇಲೆ ಕಾಂಕ್ರೀಟ್. ತೇವ ತಡೆಯಲು ಇಷ್ಟು ದಿನ ಹಾಸುತ್ತಿದ್ದ ತೆಳು ಪ್ಲಾಸ್ಟಿಕ್ಕೇ ಸಾಲದೇ ಅಂದರೆ, ನಾವು ಹಾಸುತ್ತಿದ್ದ ರೀತಿಯಲ್ಲಂತೂ ಸಾಲದು. ಅದನ್ನು ಒಂದರ ಮೇಲೊಂದು ಸುಮ್ಮನೆ ಹಾಸಿ ಬಿಡುತ್ತಿದ್ದೆವು. ತೇವಕ್ಕೆ ಅದು ನಡೆಯುತ್ತದೆ, ಅನಿಲಕ್ಕೆ ನಡೆಯುವುದಿಲ್ಲ. ಇನ್ನು ಮುಂದೆ ರೇಡಾನ್ ಎಷ್ಟು ದಾಟುತ್ತದೆ ಅಂತ ಪರೀಕ್ಷೆಯಾದ ದಪ್ಪ ಹಾಳೆಯನ್ನೇ ಬಳಸುತ್ತೇವೆ. ಅಲ್ಯೂಮಿನಿಯಂ ಪದರದ ಹಾಳೆ ಅನಿಲವನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಅದು ಬಿರುಸು, ಮೂಲೆಗಳಲ್ಲಿ ಸರಿಯಾಗಿ ಮಡಚಿ ಕೂರುವುದಿಲ್ಲ. ತಿರುವು ಜಾಸ್ತಿ ಇರುವ ಮನೆಗೆ ಮೆತ್ತನೆಯದೇ ವಾಸಿ ಅಂತ ನಮ್ಮ ಅಭಿಪ್ರಾಯ.

ಹಾಳೆಗಿಂತ ಹಾಳೆಯ ಜೋಡಣೆ ಮುಖ್ಯ. ಒಂದರ ಮೇಲೊಂದು 30 ಸೆಂಟಿಮೀಟರ್ ಬರುವಂತೆ ಹಾಸಿ, ಒರೆಸಿ ಒಣಗಿಸಿ, ಟೇಪು ಹಚ್ಚಬೇಕು. ದೂಳಿನ ಮೇಲೆ ಹಚ್ಚಿದ ಟೇಪು ಬೆರಳಲ್ಲಿ ಎಳೆದರೆ ಎದ್ದು ಬರುತ್ತದೆ. ನೆಲದಿಂದ ಮೇಲೆ ಬರುವ ಪ್ರತಿ ಪೈಪಿಗೂ ಒಂದು ಕಾಲರ್ (ಪೈಪಿನ ಸುತ್ತ ಹಾಳೆಗೆ ಬಿಗಿಯಾಗಿ ಅಂಟುವ ಪಟ್ಟಿ) ಬೇಕು. ಎರಡು ಪೈಪುಗಳ ನಡುವೆ ಒಂದೇ ಬೆರಳಿನ ಜಾಗ ಇದ್ದರೆ ಟೇಪು ಹಿಡಿದ ಕೈ ಒಳಗೆ ಹೋಗುವುದೇ ಇಲ್ಲ, ಆ ಹಿಂಬದಿ ಹಾಗೇ ಉಳಿಯುತ್ತದೆ. ಆದ್ದರಿಂದ ಇನ್ನು ಪೈಪುಗಳ ನಡುವೆ ಅಂಗೈ ಅಗಲದಷ್ಟು ಜಾಗ ಬಿಡುತ್ತೇವೆ. ಬಚ್ಚಲು, ಅಡುಗೆಮನೆಯ ನಕ್ಷೆಯನ್ನು ನಿಮ್ಮಿಂದ ಬೇಗ ಕೇಳುತ್ತಿರುವುದು ಇದಕ್ಕೇ.

ಕಂಬಿ ಕಟ್ಟುವಾಗ ಹಾಳೆ ಹರಿಯುವುದೂ ಉಂಟು. ಕಂಬಿಯ ಒಂದು ತುದಿ ತಾಗಿದರೆ ಸಾಕು. ಹಾಗಾಗಿ ಕಾಂಕ್ರೀಟ್ ಹಾಕುವ ಹಿಂದಿನ ದಿನ ನಮ್ಮವರೊಬ್ಬರು ಇಡೀ ಹಾಳೆಯನ್ನು ನೋಡಿ, ಹರಿದ ಕಡೆ ತೇಪೆ ಹಾಕಿಸಿ, ಫೋಟೋ ತೆಗೆದು ನಿಮಗೆ ಕಳಿಸುತ್ತಾರೆ. ನೀವು ನೋಡಿ ಒಪ್ಪಿದ ಮೇಲೆಯೇ ಕಾಂಕ್ರೀಟ್.

ಜಲ್ಲಿಯಲ್ಲಿನ ಪೈಪು ಮನೆಯೊಳಗಿಂದ ನೇರವಾಗಿ ಛಾವಣಿಯ ಮೇಲಕ್ಕೆ ಹೋಗುತ್ತದೆ. ಅದರ ಬಾಯಿ, ಕಿಟಕಿಗಳಿಂದ 3 ಮೀಟರಾದರೂ ದೂರ ಇರುತ್ತದೆ. ಅಡ್ಡಕ್ಕೆ ತಿರುಗಿಸಿ ತಗ್ಗು ಬಿಟ್ಟರೆ ಅಲ್ಲಿ ನೀರು ನಿಂತು ದಾರಿ ಮುಚ್ಚುತ್ತದೆ, ಆದ್ದರಿಂದ ‘ಇಲ್ಲಿ ಚಂದ ಕಾಣಲ್ಲ, ಸ್ವಲ್ಪ ಆ ಕಡೆ ತಿರುಗಿಸಿ’ ಅಂದರೆ ನಾವು ಒಪ್ಪುವುದು ಕಷ್ಟ. ಪೈಪಿನ ಮೇಲೆ ‘ರೇಡಾನ್’ ಅಂತ ಬರೆದಿರುತ್ತೇವೆ. ಮುಂದೆಂದೋ ಪ್ಲಂಬರ್ ಬಂದು ಅದಕ್ಕೇ ಸಿಂಕ್ ಜೋಡಿಸಬಾರದು, ಅಲ್ವಾ? ಛಾವಣಿಯ ಹತ್ತಿರ, ಅನಿಲವನ್ನು ಮೇಲಕ್ಕೆಳೆಯುವ ಫ್ಯಾನಿಗೆ ಜಾಗ, ವಿದ್ಯುತ್ ಪಾಯಿಂಟ್ ಬಿಟ್ಟಿರುತ್ತೇವೆ. ಫ್ಯಾನನ್ನು ವಾಸದ ಕೋಣೆಯಲ್ಲಿ ಕೂರಿಸುವುದೇ ಇಲ್ಲ. ಅದರ ಮೇಲಿನ ಪೈಪು ಸೋರಿದರೆ ಅನಿಲವನ್ನು ನಾವೇ ಮನೆಯೊಳಗೆ ಊದಿದಂತೆ ಆಗುತ್ತದೆ.

ಫ್ಯಾನ್ ಬೇಕೋ ಬೇಡವೋ ಅನ್ನುವುದು ಅಳತೆಯಿಂದ ಗೊತ್ತಾಗುತ್ತದೆ. ನೀವು ವಾಸಕ್ಕೆ ಬಂದ ಮೇಲೆ ಕೆಳಗಿನ ಮಲಗುವ ಕೋಣೆಯಲ್ಲಿ ಮೂರು ತಿಂಗಳು ರೇಡಾನ್ ಅಳೆಯುವ ಒಂದು ಪುಟ್ಟ ಡಬ್ಬಿ ಇಡುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಟ್ಟ ಘನ ಮೀಟರಿಗೆ 100 ಬೆಕೆರಲ್. ಅದು ಸಾಧ್ಯವಾಗದ ದೇಶದಲ್ಲೂ 300 ಮೀರಬಾರದು ಅನ್ನುತ್ತದೆ. ನಾವು 100 ಅನ್ನೇ ಹಿಡಿದಿದ್ದೇವೆ. ದಾಟಿದರೆ ಫ್ಯಾನ್ ಕೂರಿಸುವ ಕೂಲಿ ನಮ್ಮದು.

ಪಾಯ ಇನ್ನೂ ಮುಚ್ಚದವರು ದಯವಿಟ್ಟು ಈ ವಾರವೇ ಫೋನ್ ಮಾಡಿ, ಹೊಸ ನಕ್ಷೆ ಕೂತು ನೋಡೋಣ. ನಾವು ಕಟ್ಟಿದ ಮನೆಯಲ್ಲಿ ಈಗಾಗಲೇ ಇರುವವರು ಗಾಬರಿಯಾಗಬೇಡಿ, ಮೊದಲು ಅಳೆಯೋಣ. ಡಬ್ಬಿ ನಾವೇ ತಂದು ಇಡುತ್ತೇವೆ. ನೆಲಮಾಳಿಗೆಯಲ್ಲಿ ಅಥವಾ ಕೆಳಗಿನ ಕೋಣೆಯಲ್ಲಿ ಮಕ್ಕಳು ಮಲಗುವ ಮನೆಗಳಿಗೆ ಮೊದಲು ಬರುತ್ತೇವೆ. ಅಂಥವರು ಹೆಸರು ಕೊಡುವಾಗ ಅದನ್ನು ತಪ್ಪದೆ ತಿಳಿಸಿ.

ನಿಮ್ಮ ವಿಶ್ವಾಸಿಗಳು,
ಸಹಕಾರಿಯ ಮನೆ ಕಟ್ಟುವ ವಿಭಾಗ